ಯೂನಿಫಾರ್ಮ್ ಅಮ್ಮನ ಹನಿಮೂನು

ಮದುವೆಯಾದಾಗ ಯಾರೂ ಏನೂ ಅನ್ನಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅವರನ್ನೆಲ್ಲ ಸುಮ್ಮಸುಮ್ಮನೆ ಕೆಟ್ಟವರು ಅಂದುಕೊಳ್ಳುತ್ತೀರಿ. ಗಂಡ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದ, ಐವತ್ತಾರರ ದರ್ಜಿ ಹೆಂಗಸು ಒಬ್ಬ ನಿವೃತ್ತ ಬಸ್ ಡ್ರೈವರನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಾಗ ಮಗನೇ ಸಾಕ್ಷಿಯಾಗಿ ಸಹಿ ಹಾಕಿದ. ಸೊಸೆ ಫೋಟೋ ತೆಗೆದಳು. ತಂಗಿ ಕಣ್ಣೊರೆಸಿಕೊಂಡು, "ಹೋಗಲಿ ಬಿಡು, ವಯಸ್ಸಾದ ಕಾಲಕ್ಕೆ ಒಂದು ಆಸರೆ ಆಯ್ತು," ಅಂದಳು. ಆ ಆಸರೆ ಅನ್ನುವ ಮಾತು ಎಲ್ಲರಿಗೂ ಬಹಳ ಹಿಡಿಸಿತು. ಬಂದವರೆಲ್ಲ ಅದನ್ನೇ ಹೇಳಿ, ಕಾಫಿ ಕುಡಿದು ಹೋದರು.

ರಂಪ ಶುರುವಾದದ್ದು ಅವಳು ಹನಿಮೂನಿಗೆ ಹೋಗುತ್ತೇನೆ ಅಂದಾಗ.

ಅವತ್ತು ಭಾನುವಾರ, ಮಗನ ಮನೆಯಲ್ಲಿ ಊಟ. "ಏನಂದೆ?" ಅಂದ ಮಗ. ತುತ್ತು ಕೈಯಲ್ಲೇ ಉಳಿಯಿತು.

"ಹನಿಮೂನು ಅಂದೆ," ಅಂದಳು, ಇನ್ನೂ ಸ್ವಲ್ಪ ಗಟ್ಟಿಯಾಗಿ. "ಮದುವೆ ಆದವರು ಹೋಗ್ತಾರಲ್ಲ, ಅದು."

ತಂಗಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕೆಮ್ಮು ಬಂತು. "ಅಕ್ಕಾ, ಮಂಡಿಗೆ ಹಚ್ಚೋ ಮುಲಾಮು ಮಾತ್ರ ಮರೀಬೇಡ ಕಣೇ!"

"ಮರೆಯೋದಿಲ್ಲ. ಹಚ್ಚೋಕೂ ಈಗ ಜನ ಇದ್ದಾರೆ."

ಸೊಸೆ ನೀರು ತರುವ ನೆಪದಲ್ಲಿ ಎದ್ದು ಒಳಗೆ ಓಡಿದಳು. ಡ್ರೈವರು ತಲೆ ಬಗ್ಗಿಸಿ ತಟ್ಟೆಯನ್ನೇ ನೋಡುತ್ತ ಕೂತ. ಮಗನ ಕಿವಿ ಕೆಂಪಾಯಿತು. "ಅಮ್ಮಾ, ಟೂರ್ ಅನ್ನು. ಇಲ್ಲಾ ಹವಾ ಬದಲಾವಣೆ ಅನ್ನು. ನಾಲ್ಕು ಜನ ಕೇಳಿದ್ರೆ ನಾನೇನು ಹೇಳ್ಲಿ?"

"ನಾನು ಹೇಳಿದ್ದನ್ನೇ ಹೇಳು. ಹವಾ ಇಲ್ಲೂ ಚೆನ್ನಾಗೇ ಇದೆ," ಅಂದಳು ಅವಳು. ಅಂದು, ಏನೂ ಆಗದವಳಂತೆ ಊಟ ಮುಂದುವರಿಸಿದಳು.

ಅವಳು ಯಾರು ಅಂತ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಆ ಬಡಾವಣೆಯ ಮೂರು ಶಾಲೆಗಳ ಮಕ್ಕಳ ಮೈಮೇಲಿನ ಬಟ್ಟೆಯೆಲ್ಲ ಅವಳ ಕೈಯದು. ಎಲ್ಲರೂ ಅವಳನ್ನು ಯೂನಿಫಾರ್ಮ್ ಅಮ್ಮ ಅಂತಲೇ ಕರೆಯುವುದು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಬೇಸಿಗೆ ರಜೆ ಬಂತೆಂದರೆ ಊರಿಗೆ ಊರೇ ಪೆಟ್ಟಿಗೆ ಕಟ್ಟಿಕೊಂಡು ಎಲ್ಲೆಲ್ಲಿಗೋ ಹೋಗುತ್ತಿತ್ತು. ಅವಳಿಗೆ ಮಾತ್ರ ಅದೇ ಕೆಲಸದ ಕಾಲ. ಶಾಲೆ ತೆರೆಯುವುದರೊಳಗೆ ಅಷ್ಟೂ ಅಂಗಿ, ಅಷ್ಟೂ ಲಂಗ ಮುಗಿಯಬೇಕು. ಮೊದಲ ಗಂಡ ಇದ್ದಾಗಲೂ ಹೀಗೇ, ಹೋದ ಮೇಲೂ ಹೀಗೇ. ಬಟ್ಟೆ ಒಯ್ಯಲು ಬರುವ ಮಕ್ಕಳು ಬಿಸಿಲಿಗೆ ಕಪ್ಪಾಗಿ ಬಂದು, "ಆಂಟಿ, ಸಮುದ್ರದ ನೀರು ಎಷ್ಟು ತಿಳಿಯಾಗಿತ್ತು ಅಂದ್ರೆ ನಮ್ಮ ಕಾಲು ನಮಗೇ ಕಾಣ್ತಿತ್ತು," ಅನ್ನುತ್ತಿದ್ದವು. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೂಂಗುಟ್ಟುತ್ತಿದ್ದಳು. ಹೊಟ್ಟೆ ಉರಿಯುತ್ತಿರಲಿಲ್ಲವೇ ಅಂತ ಕೇಳಬೇಡಿ. ಧಾರಾಳವಾಗಿ ಉರಿಯುತ್ತಿತ್ತು.

ಡ್ರೈವರನ ಸಂಕಟ ಬೇರೆ. ಇಡೀ ಕೆಲಸದ ಅವಧಿ ಒಂದೇ ಬೆಟ್ಟದ ದಾರಿಯಲ್ಲಿ ಬಸ್ ಓಡಿಸಿದವನು. ಒಂದು ತಿರುವಿನಲ್ಲಿ ಬಸ್ಸಿಗೆ ಬಸ್ಸೇ ಎದ್ದು ನಿಂತು, "ಅಬ್ಬಾ, ಜಲಪಾತ ನೋಡ್ರೋ!" ಅಂತ ಬಾಯಿ ಬಿಡುತ್ತಿತ್ತು. ಅವನು ಮಾತ್ರ ಸ್ಟೇರಿಂಗ್ ಬಿಗಿಹಿಡಿದು ರಸ್ತೆಯನ್ನೇ ನೋಡಬೇಕು. ಒಂದೇ ಒಂದು ಸಲ ಕತ್ತು ಹೊರಳಿಸಿದ್ದರೆ ಇವತ್ತು ಮದುವೆಗೆ ಉಳಿದಿರುತ್ತಿರಲಿಲ್ಲ. "ಜಲಪಾತದ ಸದ್ದು ನಂಗೆ ಚೆನ್ನಾಗಿ ಗೊತ್ತು. ಮುಖ ಗೊತ್ತಿಲ್ಲ," ಅಂತ ಅವಳಿಗೆ ಹೇಳಿದ್ದ. ಆ ಮಾತಿಗೇ ಅವಳು ಅವನನ್ನು ಒಪ್ಪಿದ್ದು ಅಂತ ನನಗೆ ಅನುಮಾನ.

ಹಾಗಾಗಿ ಯೋಜನೆ ತಾನಾಗಿಯೇ ಕೂಡಿಬಂತು. ಮೊದಲು ದೂರದ ಬೆಟ್ಟಗಳು, ಕಣಿವೆ, ಸರೋವರ, ಜಲಪಾತ. ಗಾಡಿ ಬೇರೆಯವರು ಓಡಿಸುವುದು, ಡ್ರೈವರು ಕಿಟಕಿ ಪಕ್ಕ ಕೂತು ಕತ್ತು ನೋಯುವಷ್ಟು ನೋಡುವುದು. ಆಮೇಲೆ ಅವಳ ಸಮುದ್ರ. ಇಬ್ಬರೂ ಟ್ರಾವೆಲ್ ಆಫೀಸಿಗೆ ಹೋದಾಗ ಅಲ್ಲಿನ ಹುಡುಗಿ ಕಂಪ್ಯೂಟರ್ ನೋಡಿ, "ವಾಪಸ್ ಬರೋವಾಗ ಒಂದು ದ್ವೀಪದಲ್ಲಿ ವಿಮಾನ ಬದಲಾಗುತ್ತೆ. ಬೇಕಿದ್ರೆ ನಾಲ್ಕು ದಿನ ಅಲ್ಲೇ ಹಾಲ್ಟ್ ಮಾಡ್ಬಹುದು," ಅಂದಳು.

"ನಾಲ್ಕು ದಿನ ಹಾಲ್ಟಾ!" ಡ್ರೈವರು ಬೆಚ್ಚಿಬಿದ್ದ. "ನಾನು ಟೀಗೆ ನಿಲ್ಲಿಸಿ ಐದು ನಿಮಿಷ ಜಾಸ್ತಿ ಆದ್ರೆ ಪ್ಯಾಸೆಂಜರ್‌ಗಳೇ ಬಂದು ಹಾರ್ನ್ ಹೊಡೀತಿದ್ರು!"

ಹುಡುಗಿ ನಕ್ಕು, "ಕಾಟೇಜ್ ಯಾವ ಸೈಜ್ ನೋಡ್ಲಿ?" ಅಂತ ಕೇಳಿದಳು.

ಇಲ್ಲಿ ನೋಡಿ ಎಡವಟ್ಟಾದದ್ದು. ಬೆಳೆಯುವ ಮಕ್ಕಳ ಬಟ್ಟೆಯನ್ನು ಯಾರೂ ಅಳತೆಗೆ ಸರಿಯಾಗಿ ಹೊಲಿಯುವುದಿಲ್ಲ. ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಇಟ್ಟಿರುತ್ತಾರೆ, ಮುಂದಿನ ವರ್ಷ ಬಿಚ್ಚಿ ಇಳಿಸಬಹುದು ಅಂತ. ಸೈಜ್ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಯೂನಿಫಾರ್ಮ್ ಅಮ್ಮನ ಬಾಯಿಂದ ಬರುವ ಉತ್ತರ ಒಂದೇ. ಅವತ್ತೂ ಅದೇ ಬಂತು: "ಸ್ವಲ್ಪ ದೊಡ್ಡದೇ ಇರಲಿ." ಹುಡುಗಿ ಸರಿ ಅಂತ ಏನೋ ಒತ್ತಿದಳು. ಇವರು ಖುಷಿಯಾಗಿ ಮನೆಗೆ ಬಂದರು.

ಮುಂದಿನ ಭಾನುವಾರ ಊಟಕ್ಕೆ ಹೋದಾಗ ಮಗ ಬಾಗಿಲಲ್ಲೇ ಎದುರುಗೊಂಡ. ಮುಖ ಅರಳಿತ್ತು. "ಅಮ್ಮಾ, ಬಾಯಿಬಿಟ್ಟು ಹೇಳ್ಬಾರದಾ? ನಾನೇನು ಹೊರಗಿನವನಾ?"

"ಏನನ್ನೋ?"

"ಟ್ರಾವೆಲ್ ಆಫೀಸಿಂದ ಫೋನ್ ಬಂದಿತ್ತು. ನೀನು ತೆಗೀಲಿಲ್ಲವಂತೆ, ನನಗೆ ಮಾಡಿದ್ರು. ದ್ವೀಪದಲ್ಲಿ ಫ್ಯಾಮಿಲಿ ಕಾಟೇಜ್, ಎರಡು ಕೋಣೆ, ಐದು ಜನಕ್ಕೆ ಸಾಕಾಗುತ್ತೆ ಅಂದ್ರು. ಆಗ ಅರ್ಥ ಆಯ್ತು ನೋಡು. ನಮ್ಮನ್ನ ಕರೀಬೇಕು ಅಂತ ನಿನಗೆ ಆಸೆ, ಕರೆಯೋಕೆ ಸಂಕೋಚ. ನಮ್ಮ ಮೂವರನ್ನೂ ಸೇರಿಸ್ಬಿಡಿ ಅಂತ ಹೇಳಿದೀನಿ!"

ಸೊಸೆಯ ಸಡಗರ ಹೇಳತೀರದು. "ಅತ್ತೆ, ಮದುವೆ ಆದಾಗ ನಮಗೂ ರಜೆ ಸಿಗದೆ ಎರಡೇ ದಿನದಲ್ಲಿ ವಾಪಸ್ ಬಂದ್ವಲ್ಲ. ನಮಗೂ ಹನಿಮೂನ್ ಆದ ಹಾಗಾಯ್ತು. ಪಾಪು ಹೇಗೂ ನಿಮ್ಮ ಹತ್ರಾನೇ ಮಲಗ್ತಾಳೆ!"

ಪಾಪು ಅಂದರೆ ಮೂರು ವರ್ಷದ ಮೊಮ್ಮಗಳು. ದಿನಾ ಬೆಳಿಗ್ಗೆ ಅಜ್ಜಿಯ ಅಂಗಡಿಗೆ ಬಂದು, ಕತ್ತರಿಸಿದ ಬಟ್ಟೆಚೂರುಗಳ ರಾಶಿಯಲ್ಲಿ ಆಡಿ, ಸಂಜೆ ಮನೆಗೆ ಹೋಗುವವಳು. ಅಜ್ಜಿಯ ಜೀವ. ಅವಳೀಗ ಓಡಿಬಂದು ಅಜ್ಜಿಯ ಕಾಲು ತಬ್ಬಿಕೊಂಡಳು.

ಯೂನಿಫಾರ್ಮ್ ಅಮ್ಮ ಗಂಡನ ಮುಖ ನೋಡಿದಳು. ಏನಾದರೂ ಹೇಳಿ ಅಂತ ಕಣ್ಣಲ್ಲೇ ಕೇಳಿಕೊಂಡಳು. ಆ ಪುಣ್ಯಾತ್ಮ ಗಂಟಲು ಸರಿಮಾಡಿಕೊಂಡು, "ಬರಲಿ ಬಿಡು, ಪಾಪ," ಅಂದುಬಿಟ್ಟ!

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕಣ್ಣ ಮುಂದೆ ಎಲ್ಲ ಸ್ಪಷ್ಟವಾಗಿ ಕಂಡಿತು: ಮಗ ಸೊಸೆ ಕೈಕೈ ಹಿಡಿದು ದಡದಲ್ಲಿ ನಡೆಯುವುದು, ತಾನು ಕಾಟೇಜಿನಲ್ಲಿ ಕೂತು ಮಗುವಿಗೆ ಉಣ್ಣಿಸುವುದು, ಡ್ರೈವರು ಒದ್ದೆ ಟವೆಲ್ ಒಣಹಾಕುವುದು. ಊಟ ಸೇರಲಿಲ್ಲ. ತಲೆನೋವು ಅಂದು ಎದ್ದು ಬಂದಳು.

ಮರುದಿನ ಅಂಗಡಿಯಲ್ಲಿ ಹೊಲಿಗೆ ಮಿಷನ್ ಹಿಂದೆಂದೂ ಅಷ್ಟು ಜೋರಾಗಿ ಓಡಿರಲಿಲ್ಲ. ಡ್ರೈವರು ಚಹಾ ಹಿಡಿದು ಪಕ್ಕದಲ್ಲಿ ನಿಂತ. ಅವಳು ಪೆಡಲಿನಿಂದ ಕಾಲು ತೆಗೆಯಲಿಲ್ಲ.

"ಸಿಟ್ಟಾ?"

"ಇಲ್ಲ, ಸಂತೋಷ ಉಕ್ಕಿ ಹರೀತಿದೆ. ಕಾಣ್ತಿಲ್ವಾ?"

"ಹಾಗಲ್ವೇ. ಇಷ್ಟು ವರ್ಷ ಬಸ್ ಓಡಿಸಿದೀನಿ. ಹಿಂದೆ ಯಾರಾದ್ರೂ ಕೈ ಬೀಸ್ಕೊಂಡು ಓಡಿ ಬರ್ತಿದ್ರೆ, ಬಿಟ್ಟು ಹೋಗೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಈಗ ಸ್ವಂತ ಮಕ್ಕಳನ್ನ ಹೇಗೆ ಬೇಡ ಅನ್ಲಿ?"

ಮಿಷನ್ ನಿಂತಿತು. "ಅವರು ಓಡಿ ಬರ್ತಿಲ್ಲ ರೀ. ಹತ್ತಿ, ನಮ್ಮ ಸೀಟಲ್ಲೇ ಕೂತು, ನಮ್ಮನ್ನ ಎಬ್ಬಿಸ್ತಿದ್ದಾರೆ. ನೋಡಿ, ನಾನು ಆ ಹುಡುಗಿಗೆ ದೊಡ್ಡದು ಅಂದಿದ್ದು ಅಭ್ಯಾಸ ಬಲದಿಂದ. ಜನ್ಮವಿಡೀ ಬೇರೆಯವರು ಬೆಳೀಲಿ ಅಂತ ಜಾಗ ಬಿಟ್ಟು ಬಿಟ್ಟು ಕೈಗೆ ಅದೇ ರೂಢಿ ಆಗಿದೆ. ತಪ್ಪು ನಂದೇ. ಆ ತಪ್ಪನ್ನ ನಾನೇ ಬಿಚ್ತೀನಿ. ನೀವು ಬರೋ ಹಾಗಿದ್ರೆ ಬನ್ನಿ, ಇಲ್ಲಾಂದ್ರೆ ನಾನೊಬ್ಬಳೇ ಹೋಗ್ತೀನಿ."

"ಒಬ್ಬಳೇ... ಹನಿಮೂನಿಗಾ?"

"ಹೂಂ! ಮೊದಲನೇ ಗಂಡನಿಗೆ ಪುರುಸೊತ್ತಿರಲಿಲ್ಲ. ಎರಡನೇ ಗಂಡನಿಗೆ ಧೈರ್ಯ ಇಲ್ಲ. ಮೂರನೆಯವನು ಸಿಗೋ ತನಕ ಕಾಯ್ಕೊಂಡು ಕೂರೋಕೆ ನನಗೆ ಟೈಮಿಲ್ಲ!"

ಅಳತೆಪಟ್ಟಿಯನ್ನು ಕತ್ತಿನಿಂದ ತೆಗೆದು ಮೇಜಿನ ಮೇಲೆ ಎಸೆದಳು. ಅಂಗಡಿಯ ಬಾಗಿಲೆಳೆದಳು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಟ್ರಾವೆಲ್ ಆಫೀಸು ಎರಡು ಬೀದಿ ಆಚೆ. ದಾರಿಯಲ್ಲಿ ಸಿಕ್ಕಿದ ಯಾರೋ ತಾಯಿ, "ಅಮ್ಮಾ, ನನ್ನ ಮಗನ ಚಡ್ಡಿ ಆಯ್ತಾ?" ಅಂದದ್ದಕ್ಕೆ, "ಇಲ್ಲ, ನಾನು ಹನಿಮೂನಿಗೆ ಹೊರಟಿದೀನಿ," ಅಂತ ಉತ್ತರ ಕೊಟ್ಟು ಮುಂದೆ ನಡೆದಳು. ಆ ತಾಯಿ ಬೀದಿ ಮಧ್ಯದಲ್ಲೇ ನಿಂತಳು.

ಆಫೀಸಿನಲ್ಲಿ ಹುಡುಗಿಯೆದುರು ಕುರ್ಚಿಯೆಳೆದು ಕೂತು, "ಆ ದೊಡ್ಡ ಕಾಟೇಜ್ ತೆಗೆದುಹಾಕಮ್ಮ. ನಿಮ್ಮ ಹತ್ರ ಇರೋದ್ರಲ್ಲೇ ಅತೀ ಚಿಕ್ಕದು ಯಾವುದಿದೆ?" ಅಂತ ಕೇಳಿದಳು.

"ನೀರಿನ ಪಕ್ಕ ಒಂದು ಗುಡಿಸಲಿದೆ ಆಂಟಿ. ಆದ್ರೆ ಒಂದೇ ಮಂಚ. ಇನ್ನೊಂದು ಹಾಸಿಗೆ ಹಾಕೋಕೂ ಜಾಗ ಇಲ್ಲ."

"ಅದೇ ಬೇಕು."

"ಮತ್ತೆ ನಿಮ್ಮ ಮಗ ಮೂರು ಜನ ಸೇರಿಸಿ ಅಂದಿದ್ರು..."

"ಮದುವೆ ಆದೋಳು ನಾನು. ಅವನು ಸಾಕ್ಷಿ ಅಷ್ಟೇ. ತೆಗೀಮ್ಮ."

ಹುಡುಗಿ ತುಟಿ ಕಚ್ಚಿಕೊಂಡು ಕೀಲಿಮಣೆ ಒತ್ತಿದಳು. "ಹಾಗಾದ್ರೆ ಒಟ್ಟು ಎಷ್ಟು ಜನ?"

"ಸದ್ಯಕ್ಕೆ ಒಬ್ಬಳು," ಅಂದಳು ಯೂನಿಫಾರ್ಮ್ ಅಮ್ಮ. ಹಟದಲ್ಲಿ ಹೇಳಿದ್ದು ನಿಜವಾಗಿಬಿಟ್ಟರೆ ಅನ್ನುವ ಭಯ ಆಗ ಹುಟ್ಟಿತು. ಆದರೂ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

"ಇಬ್ಬರು."

ಪಾಪುವನ್ನು ಎದುರಿನ ಅಂಗಡಿಯವರ ಹತ್ತಿರ ಬಿಟ್ಟು ಓಡಿಬಂದ ಡ್ರೈವರು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ. ಅವಸರದಲ್ಲಿ ತೊಟ್ಟ ಅಂಗಿಯ ಗುಂಡಿ ಒಂದಕ್ಕೊಂದು ತಪ್ಪಿತ್ತು. ಒಳಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತು, ಯಾರೂ ಕೇಳದಿದ್ದರೂ ಇನ್ನೊಮ್ಮೆ, "ಇಬ್ಬರೇ. ಮಗನಿಗೂ ಫೋನ್ ಮಾಡಿ ಹೇಳ್ದೆ," ಅಂದ.

"ಏನಂತ ಹೇಳಿದ್ರಿ?"

"ಈ ಸಲ ಬೇಡಪ್ಪ ಅಂದೆ. ಎರಡು ಸಲ ನಂಬರ್ ತಪ್ಪಿ ಒತ್ತಿದೆ. ಆದ್ರೂ ಅಂದೆ."

ಅವಳು ಕೈಚಾಚಿ ಅವನ ಅಂಗಿಯ ಗುಂಡಿಗಳನ್ನು ಬಿಚ್ಚಿ, ಸರಿಯಾಗಿ ಹಾಕಿದಳು. ಹುಡುಗಿ ಕಂಪ್ಯೂಟರಿನ ಕಡೆ ಮುಖ ತಿರುಗಿಸಿದಳು.

ಸಂಜೆ ಮಗ ಅಂಗಡಿಗೆ ಬಂದ, ಪಾಪುವನ್ನು ಕರೆದೊಯ್ಯಲು. ಮುಖ ಬಿಗಿದುಕೊಂಡಿತ್ತು. ಮಗುವನ್ನು ಎತ್ತಿಕೊಂಡು, "ಹೋಗಿ ಬಾ ಅಮ್ಮ. ನಿನ್ನಿಷ್ಟ. ಆದ್ರೆ ನಾಳೆಯಿಂದ ಮಗುನ ಡೇಕೇರ್‌ಗೆ ಕಳಿಸ್ತೀವಿ. ವಾಪಸ್ ಬಂದ ಮೇಲೆ ಇಲ್ಲಿಗೆ ಕಳಿಸಿ ಅಂತ ಕೇಳ್ಬೇಡ," ಅಂದ. ಮಗುವಿನ ಚಪ್ಪಲಿ ಕೈಗೆತ್ತಿಕೊಂಡು, "ಅಷ್ಟು ದಿನ ಕಾಣ್ದಿದ್ರೆ ಅವಳು ನಿನ್ನ ಮರೆತೂಬಿಡ್ತಾಳೆ," ಅಂದ.

ಇದಕ್ಕಿಂತ ಕೆನ್ನೆಗೆ ಬಾರಿಸಿದ್ದರೂ ಅವಳು ಸಹಿಸುತ್ತಿದ್ದಳು. ಎಲ್ಲಿ ಹೊಡೆದರೆ ಎಲ್ಲಿ ನೋಯುತ್ತದೆ ಅಂತ ಹೆತ್ತ ಮಗನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಬೇಡ ಬಿಡೋ, ಎಲ್ಲಾರೂ ಬನ್ನಿ ಅನ್ನುವ ಮಾತು ನಾಲಿಗೆಯ ತುದಿಗೇ ಬಂತು. ಹಿಂದೆ ಎಷ್ಟೋ ಸಲ ಹಾಗೆ ಅಂದಿದ್ದಳು. ಅಂದು ಅಂದೇ ಅವನನ್ನು ಬೆಳೆಸಿದ್ದಳು. ಈ ಸಲ ಹಲ್ಲುಕಚ್ಚಿ ಆ ಮಾತನ್ನು ನುಂಗಿದಳು.

"ಮರೆತರೆ ಮರೀಲಿ," ಅಂದಳು. "ವಾಪಸ್ ಬಂದು ನಿನ್ನ ಮನೆ ಬಾಗಿಲು ತಟ್ಟಿ, ನಾನು ನಿನ್ನ ಅಜ್ಜಿ ಅಂತ ಹೊಸದಾಗಿ ಪರಿಚಯ ಮಾಡ್ಕೋತೀನಿ. ನೀನು ಬಾಗಿಲು ತೆಗೀದಿದ್ರೆ ಮಾರನೇ ದಿನ ಮತ್ತೆ ಬರ್ತೀನಿ. ಅಜ್ಜಿ ಎಲ್ಲಿ ಅಂತ ಅವಳು ಈ ಮಧ್ಯೆ ಕೇಳಿದ್ರೆ ಮಾತ್ರ ಸುಳ್ಳು ಹೇಳ್ಬೇಡ."

ಮಗ ಅಂಗಡಿಯ ಮೆಟ್ಟಿಲಿಳಿದ. ಅವನ ಹೆಗಲ ಮೇಲಿಂದ ಮಗು ಕೈ ಆಡಿಸುತ್ತಲೇ ಇತ್ತು, ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ.

ಅವಳು ಬಾಗಿಲಲ್ಲೇ ನಿಂತು ಅತ್ತಳು. ಮರೆಮಾಚುವ ಗೋಜಿಗೆ ಹೋಗದೆ ಬಿಕ್ಕಿಬಿಕ್ಕಿ ಅತ್ತಳು. ಎದುರಿನ ಅಂಗಡಿಯವರು ನೋಡಿದರು, ನೋಡಿಕೊಳ್ಳಲಿ. ಡ್ರೈವರು ಹಿಂದಿನಿಂದ ಬಂದು, ಏನು ಮಾಡಬೇಕೋ ತೋಚದೆ, ಅವಳ ಬೆನ್ನ ಮೇಲೆ ಕೈಯಿಟ್ಟ.

"ಮನಸ್ಸಿಲ್ಲಾಂದ್ರೆ ಹೇಳು. ಈಗಲೇ ಫೋನ್ ಮಾಡಿ ಎಲ್ಲಾ ಬೇಡ ಅಂದುಬಿಡ್ತೀನಿ."

ಅವಳು ಸೆರಗಿನಿಂದ ಮೂಗೊರೆಸಿಕೊಂಡು ಅವನ ಕಡೆ ತಿರುಗಿದಳು.

"ಅಳ್ತಾ ಇದೀನಿ ಅಷ್ಟೇ ರೀ. ಹೋಗಲ್ಲ ಅಂತ ಎಲ್ಲಿ ಅಂದೆ?"