ಬಲೆ ಬಿಡದವನ ಮಗಳು

ಕಾಸರಕೋಡಿನ ಬಂದರದಲ್ಲಿ ನನ್ನ ತಮ್ಮ ನರೇಶನಿಗೆ ಯಾರೂ ಬೋಟಿನಲ್ಲಿ ಕೆಲಸ ಕೊಡುತ್ತಿರಲಿಲ್ಲ. ಈಜಿನಲ್ಲಿ ಚುರುಕು, ಬಲೆ ಹೊಲಿಯುವುದರಲ್ಲಿ ಇನ್ನೂ ಚುರುಕು. ಆದರೂ ಕೇಳಿದಲ್ಲೆಲ್ಲ ಒಂದೇ ಉತ್ತರ: "ಬಲೆ ಬಿಡದವ್ನ ಮಗ, ಬ್ಯಾಡ ಮಾರಾಯಾ."

ನಮ್ಮಪ್ಪ ಬೊಮ್ಮಯ್ಯ ತಾಂಡೇಲ. ಬೋಟಿನಲ್ಲಿ ಅವನ ಮಾತೇ ಕೊನೆಯ ಮಾತು. ೨೦೦೧ರಲ್ಲಿ ನೇತ್ರಾಣಿ ದ್ವೀಪದ ಬಡಗಣ ಬದಿಯಲ್ಲಿ ಅವನ ಬಲೆ ಕಡಲೊಳಗಿನ ಕಲ್ಲಿಗೆ ಸಿಕ್ಕಿತು, ಅದರ ಮೇಲೆ ಗಾಳಿಯೂ ಎದ್ದಿತು. ಅಂಥ ಹೊತ್ತಿನಲ್ಲಿ ಬಲೆ ಎಳೆಯುವ ಎರಡೂ ಉಕ್ಕಿನ ಹಗ್ಗಗಳನ್ನು ಕೊಡಲಿಯಿಂದ ಕಡಿದು ಬಲೆಯನ್ನು ಕಡಲಿಗೇ ಬಿಟ್ಟುಬಿಡಬೇಕು. ಇಲ್ಲದಿದ್ದರೆ ಬೋಟು ಹಿಂದಿನಿಂದ ನೀರು ತುಂಬಿಕೊಂಡು ಮುಳುಗುತ್ತದೆ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಪ್ಪನ ಬೋಟು ಮುಳುಗಿತು. ಅಪ್ಪನೂ ವೆಂಕಟ ಎಂಬ ಖಲಾಸಿಯೂ ಹೋದರು. ಬದುಕಿ ಬಂದ ಖಲಾಸಿ ಶುಕ್ರಣ್ಣ ಒಬ್ಬನೇ.

"ಹೊಸ ಬಲೆ ಅಂದ್ಕಂಡು ತಾಂಡೇಲ ಕೊಡ್ಲಿ ಮುಟ್ಟೂಕೇ ಬಿಡ್ಲಿಲ್ಲ," ಎಂದ ಅವನು. ಊರು ನಂಬಿತು.

ನಾನು ನಂಬಲಿಲ್ಲ. ಅಪ್ಪನಿಗೆ ಆಸೆ ಇದ್ದದ್ದು ಬಂಗಡೆ ಸಾರಿನ ಮೇಲೆ. ಒಂದು ಬಲೆಗಾಗಿ ಇಬ್ಬರು ಖಲಾಸಿಗಳನ್ನು ಮುಳುಗಿಸುವಷ್ಟು ಕೆಟ್ಟವನಲ್ಲ, ಅಷ್ಟು ದಡ್ಡನೂ ಅಲ್ಲ. ಆದರೆ ನಂಬುವುದಿಲ್ಲ ಎಂದು ಯಾರ ಮುಂದೆ ಕೂಗಲಿ? ಸಾಕ್ಷಿ ಕಡಲ ತಳದಲ್ಲಿತ್ತು.

ಆಮೇಲೆ ಮುರ್ಡೇಶ್ವರಕ್ಕೆ ಸ್ಕೂಬಾದವರು ಬಂದರು. ಅಡುಗೆಗೆಂದು ಸೇರಿದ ನಾನು ಅವರ ಗಾಳಿಯ ಸಿಲಿಂಡರ್ ಹೊತ್ತೆ, ಸೂಟು ತೊಳೆದೆ, ಒಂದು ದಿನ ಅದನ್ನೇ ತೊಟ್ಟು ನೀರಿಗಿಳಿದೆ. ಕಲಿಸುವ ಸಂಜಯ ಸರ್ ಮೊದಲು ನಕ್ಕರು, ಆಮೇಲೆ ಕಲಿಸಿದರು. ನಮ್ಮ ಕೇರಿಯ ಹೆಂಗಸರು ಮಾತ್ರ ಇವತ್ತಿಗೂ ನಕ್ಕು ಮುಗಿಸಿಲ್ಲ. ನಗಲಿ, ಹಲ್ಲಾದರೂ ಗಟ್ಟಿಯಾಗುತ್ತದೆ.

೨೦೦೬ರ ಚಳಿಗಾಲದಲ್ಲಿ ನೀರು ತಿಳಿಯಾಗಿದ್ದಾಗ ಸಂಜಯ ಸರ್ ಅಪ್ಪನ ಬೋಟು ಮುಳುಗಿದ ಜಾಗಕ್ಕೆ ಹೊರಟರು. ಬಾಡಿಗೆಗೆ ಸಿಕ್ಕಿದ್ದು ಶುಕ್ರಣ್ಣನ ದೋಣಿಯೇ. ಮುಳುಗಿ ಬದುಕಿದ ಮೇಲೆ ಅವನು ಮೀನಿಗೆ ಹೋಗುವುದನ್ನು ಬಿಟ್ಟಿದ್ದ. ನಾನು ಸೂಟು ತೊಡುವುದನ್ನು ಕಂಡು ಅವನ ಮುಖ ಇಳಿಯಿತು.

"ಸತ್ತವ್ರ ಜಾಗ, ವಿನುತಾ. ಹೆಣ್ಮಕ್ಕಳು ಇಳೀಬಾರ್ದು."

"ಹೆಣ್ಮಕ್ಕಳ ಅಪ್ಪಂದಿರು ಇಳೀಬಹುದಾ?" ಎಂದು ಕೇಳಿ, ದೋಣಿಯ ಅಂಚಿನಿಂದ ಬೆನ್ನು ಕೆಳಗಾಗಿ ನೀರಿಗೆ ಬಿದ್ದೆ.

ಕೆಳಗೆ ಹಸಿರು ಮಬ್ಬು. ಬೋಟು ಒಂದು ಮಗ್ಗುಲಾಗಿ ಮಲಗಿತ್ತು. ಹಲಗೆಗಳನ್ನು ಹುಳ ತಿಂದಿತ್ತು, ಎಂಜಿನ್ನಿನ ಮೇಲೆ ಒಂದು ದೊಡ್ಡ ಗೋಬ್ರ ಮೀನು ಯಜಮಾನನ ಹಾಗೆ ಕೂತಿತ್ತು. ನನಗೆ ಅಳು ಬಂತು. ನೀರೊಳಗೆ ಅತ್ತರೆ ಕನ್ನಡಕ ಮಂಜಾಗುತ್ತದೆ, ಬೇರೇನೂ ಆಗುವುದಿಲ್ಲ. ಹಿಂಬದಿಗೆ ಹೋದೆ. ಎಡಗಡೆಯ ಉಕ್ಕಿನ ಹಗ್ಗ ಬೋಟಿನ ಅಂಚಿನ ಹತ್ತಿರವೇ ತುಂಡಾಗಿತ್ತು. ಬಲಗಡೆಯದು ಮಾತ್ರ ಕಲ್ಲಿನ ಕಡೆಗೆ ಹೋಗಿತ್ತು. ಅದರ ಅರ್ಧ ಎಳೆಗಳು ಕಡಿದು ಬಿಚ್ಚಿಕೊಂಡಿದ್ದವು, ಪಕ್ಕದ ದಪ್ಪ ಹಲಗೆಯಲ್ಲಿ ಕೊಡಲಿಯ ತಲೆ ಕಚ್ಚಿಕೊಂಡು ನಿಂತಿತ್ತು.

ಅಪ್ಪ ಕಡಿಯುತ್ತಲೇ ಇದ್ದ. ನೀರು ಏರುವವರೆಗೂ ಕಡಿಯುತ್ತಿದ್ದ! ನನಗೆ ಬಂದ ಸಿಟ್ಟಿಗೆ ಆ ಕಡಲು ಸಾಲದಾಗಿತ್ತು. ಕೂಡಲೇ ಮೇಲೆ ಚಿಮ್ಮಬೇಕೆನಿಸಿತು. ಸಂಜಯ ಸರ್ ತೋಳು ಹಿಡಿದು ನಿಧಾನಕ್ಕೆ ಹತ್ತಿಸಿದರು, ಅವಸರ ಮಾಡಿದರೆ ಶ್ವಾಸಕೋಶ ಒಡೆಯುತ್ತದೆ.

ಮೇಲೆ ಬಂದವಳೇ ದೋಣಿಯ ಏಣಿ ಹಿಡಿದೆ. ಹತ್ತಲಿಲ್ಲ.

"ಶುಕ್ರಣ್ಣಾ, ಒಂದು ಹಗ್ಗ ಪೂರಾ ಕಡದದೆ. ಇನ್ನೊಂದು ಅರ್ಧ. ಕೊಡ್ಲಿ ಅಲ್ಲೇ ಅದೆ."

ಅವನು ಚುಕ್ಕಾಣಿ ಬಿಟ್ಟು ಕುಸಿದು ಕೂತ.

"ಕಡಿಯೂಕೆ ಹಗ್ಗ ಒತ್ತಿ ಹಿಡ್ಕಳಿ ಅಂದಿದ್ದ ತಾಂಡೇಲ," ಎಂದ. "ವೆಂಕಟ ಹಿಡ್ದ. ನಂಗೆ ಹೆದ್ರಿಕೆ ಆತು. ಹಾರ್ದೆ. ಬಿಟ್ಟು ಓಡಿ ಬಂದೆ ಅಂದ್ಕಂಡು ಊರಲ್ಲಿ ಹ್ಯಾಂಗೆ ಹೇಳೂದು?"

"ಈಗ ಹೇಳು," ಎಂದೆ.

"ನಾಳೆ ಮನೆಗೆ ಬಂದು ಅಮ್ಮನ ಕಾಲು ಹಿಡೀತೆ."

"ಇವತ್ತು. ಬಂದರದಲ್ಲಿ. ಹೇಳೂದಿಲ್ಲ ಅಂದ್ರೆ ನಾ ದೋಣಿ ಹತ್ತೂದಿಲ್ಲ. ತಾಂಡೇಲನ್ನ ಬಿಟ್ಟು ಹೋದಾಂಗೆ ಅವ್ನ ಮಗಳನ್ನೂ ಬಿಟ್ಟು ಹೋಗು."

ಸಂಜಯ ಸರ್ ನನ್ನನ್ನು ಎಳೆಯಲು ಬಂದರು. ನಾನು ಅವರ ಕೈಯನ್ನೂ ಕೊಡವಿದೆ. ಶುಕ್ರಣ್ಣ ತಲೆಯಾಡಿಸಿ "ಆತು" ಎಂದ ಮೇಲೆಯೇ ಹತ್ತಿದ್ದು.

ಬಂದರದಲ್ಲಿ ಸಂಜೆಯ ಬೋಟುಗಳು ಬಂದಿದ್ದವು, ಹರಾಜು ಜೋರಾಗಿತ್ತು. ನಮ್ಮಮ್ಮ ಬಂಗಾರಿ ಬುಟ್ಟಿಯ ಮುಂದೆ ಕೂತು ಮೀನು ಬೇರ್ಪಡಿಸುತ್ತಿದ್ದಳು. ಶುಕ್ರಣ್ಣ ನೇರ ಅವಳ ಹತ್ತಿರ ಹೋಗಿ, ಬಗ್ಗಿ, ಅವಳ ಕಿವಿಗಷ್ಟೇ ಕೇಳುವಂತೆ ಎಲ್ಲವನ್ನೂ ಹೇಳಿದ. ಅಮ್ಮ ಪೂರ್ತಿ ಕೇಳಿದಳು. ಕೈಗಂಟಿದ ಮೀನಿನ ಹುರುಪೆ ಕೊಡವಿ ಎದ್ದು, ಅವನ ಭುಜ ಹಿಡಿದು ಹರಾಜಿನ ಗುಂಪಿನ ಕಡೆಗೆ ತಿರುಗಿಸಿ ನಿಲ್ಲಿಸಿದಳು.

"ನಂಗೆ ಎಂತಕ್ಕೆ ಹೇಳ್ತೆ? ನಂಗೆ ಆ ದಿನವೇ ಗೊತ್ತಿತ್ತು," ಎಂದಳು. "ಅವ್ರಿಗೆ ಹೇಳು. ಗಟ್ಟಿ ಹೇಳು."