ಉಬ್ಬರದ ಹೊತ್ತಿಗೆ ಬಂದ ಮತಪೆಟ್ಟಿಗೆ

ಟೊರೆಸ್ ಜಲಸಂಧಿಯ ನಮ್ಮ ಪುಟ್ಟ ದ್ವೀಪದಲ್ಲಿ ಇಳಿತದ ಹೊತ್ತಿಗೆ ಸಮುದ್ರ ಎದ್ದು ಎಲ್ಲಿಗೋ ಹೊರಟುಹೋದ ಹಾಗೆ ಕಾಣುತ್ತದೆ. ಹವಳದ ಬಂಡೆ ಬಿಸಿಲಿಗೆ ಮೈಯೊಡ್ಡಿ ಮಲಗುತ್ತದೆ. ದೋಣಿಗಳು ಇದ್ದಲ್ಲೇ ಒರಗಿ ತೂಕಡಿಸುತ್ತವೆ.

ಹಿಂದಿನ ಚುನಾವಣೆಯ ದಿನ ಅಬಿಯಾ ಆ ಬಂಡೆಯ ಆಚೆ ಸಿಕ್ಕಿಬಿದ್ದಿದ್ದ. ಸಿಗಡಿ ಹಿಡಿಯಲು ದೂರದ ಮರಳುದಿಬ್ಬದಲ್ಲಿ ಬಿಡಾರ ಹೂಡಿದ್ದವನು, ಹೆಂಡತಿ ಮರೆಜಾಳ ಜೊತೆ ಓಟು ಹಾಕಲೆಂದೇ ಹೊರಟಿದ್ದ. ನೀರು ಇಳಿದು ದೋಣಿ ಬಂಡೆಗೆ ತಗಲಿ ನಿಂತಿತು. ಮತಪೆಟ್ಟಿಗೆ ತಂದಿದ್ದ ವಿಮಾನ ಮತದಾನ ಮುಗಿಸಿಕೊಂಡು ಅವರ ತಲೆಯ ಮೇಲೆಯೇ, ಬೆಳ್ಳಗೆ, ಕನಸಿನ ಹಾಗೆ ಹಾರಿಹೋಯಿತು.

ಈ ಸಲ ಚುನಾವಣೆ ಹತ್ತಿರ ಬಂದಾಗ, ಆರೋಗ್ಯ ಕೇಂದ್ರದ ಎಲ್ಮಿನಾ ಅವನ ಬಿ.ಪಿ. ನೋಡುತ್ತ ಓಟಿನ ಮಾತೆತ್ತಿದಳು.

"ಬಿಡು ಮಗಳೇ," ಅಂದ ಅಬಿಯಾ. "ಓಟು ಕಡ್ಡಾಯ ಅಂತಾರೆ. ಹಾಕೋಕೂ ಬಿಡಲ್ಲ, ಹಾಕ್ಲಿಲ್ಲ ಅಂದ್ರೆ ದಂಡದ ಕಾಗದ ಬೇರೆ ಕಳಿಸ್ತಾರೆ!"

"ಅದನ್ನ ಯಾರಿಗಾದ್ರೂ ಹೇಳಿದ್ರಾ ಮಾವ?"

"ಯಾರಿಗೆ ಹೇಳಲಿ? ಮೀನಿಗೆ ಹೇಳ್ದೆ."

"ದಿನಾ ಹೇಳ್ತಾರೆ," ಪಕ್ಕದಲ್ಲಿ ಕೂತಿದ್ದ ಮರೆಜಾ ನಕ್ಕಳು. "ಕೇಳಿ ಕೇಳಿ ಬೇಜಾರಾಗಿ ಮೀನೂ ಹತ್ರ ಬರ್ತಿಲ್ಲ."

"ವಿಮಾನದ ಹೊತ್ತು ಗೊತ್ತು ಮಾಡೋರು ಪಟ್ಟಣದಲ್ಲಿ ಕೂತಿರ್ತಾರೆ ಮಾವ. ನಮ್ಮ ನೀರು ಯಾವಾಗ ಇಳಿಯುತ್ತೆ ಅಂತ ಅವ್ರಿಗೇನು ಗೊತ್ತು? ನಾವೇ ಮೊದ್ಲು ಹೇಳ್ಬೇಕು. ನಿಮ್ಮ ಹೆಸರು ಪಟ್ಟೀಲಿದ್ಯಾ ಅಂತಾನೂ ಈಗ್ಲೇ ಕೇಳೋಣ. ಪಟ್ಟಿ ಮುಚ್ಚಿದ್ಮೇಲೆ ಬಾಯಿ ಬಡ್ಕೊಂಡ್ರೂ ಸೇರ್ಸಲ್ಲ."

ಮರೆಜಾ ಮೆಲ್ಲಗೆ ಅಂದಳು: "ಸಮುದ್ರ ಸ್ಮಶಾನದ ಬೇಲಿ ಮುಟ್ಟಿದೆ. ನಿಮ್ಮವ್ವ ಮಲಗಿರೋದು ಅಲ್ಲೇ. ತಡೆಗೋಡೆ ಕೇಳೋರನ್ನ ನಾವಲ್ದೆ ಇನ್ಯಾರು ಆರಿಸ್ತಾರೆ?"

ಅಬಿಯಾ ಫೋನಿಗೆ ಕೈ ಚಾಚಿದ.

ಚುನಾವಣಾ ಕಚೇರಿಯ ಹೆಂಗಸು ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. "ಹಾಗಾದ್ರೆ ದೋಣಿ ಬರೋವಷ್ಟು ನೀರು ಯಾವಾಗಿರುತ್ತೆ?"

"ಮಧ್ಯಾಹ್ನ ಊಟ ಆದ್ಮೇಲೆ ಬನ್ನಿ ತಾಯಿ. ಸಮುದ್ರಾನೇ ನಮ್ಮನ್ನ ಕರ್ಕೊಂಡು ಬರುತ್ತೆ."

ಅವನ ಹೆಸರು ಇನ್ನೂ ಹಳೆಯ ವಿಳಾಸದಲ್ಲಿತ್ತು. ಅದನ್ನೂ ಅಂದೇ ಸರಿಮಾಡಿಸಿದರು. ವಾರದೊಳಗೆ ಉತ್ತರ ಬಂತು: ಈ ಸಲ ಮಧ್ಯಾಹ್ನ ಬರುತ್ತೇವೆ.

ಆ ದಿನ ನೀರು ಸದ್ದಿಲ್ಲದೆ ಏರಿತು. ಬಂಡೆಯಾಚೆಯ ಬಿಡಾರಗಳಿಂದ ಹಸಿರು ಬೆಳಕಿನ ಮೇಲೆ ದೋಣಿಗಳು ತೇಲಿ ತೇಲಿ ಬಂದವು. ಒಂದರಲ್ಲಿ ಬಾಣಂತಿ, ಇನ್ನೊಂದರಲ್ಲಿ ಕುರ್ಚಿ ಸಮೇತ ಕೂತ ಮುದುಕಿ. ಮತಗಟ್ಟೆಯಾಗಿದ್ದ ಸಭಾಭವನ ಹಿಂದಿನ ಸಲ ಭಣಗುಟ್ಟಿತ್ತು; ಈ ಸಲ ಸಾಲು ಬಾಗಿಲು ದಾಟಿ ತೆಂಗಿನ ನೆರಳಿನವರೆಗೆ ಬೆಳೆದಿತ್ತು. ಜನ ಅವರೇ, ಬದಲಾಗಿದ್ದು ಹೊತ್ತು ಮಾತ್ರ.

ಅಬಿಯಾ ಮತಪತ್ರ ಹಿಡಿದು ನಿಂತೇ ಇದ್ದ.

"ಏನಾದ್ರೂ ಸಹಾಯ ಬೇಕಾ?" ಅಧಿಕಾರಿ ಕೇಳಿದಳು.

"ಇಲ್ಲಿವರೆಗೆ ಬರೋಕೆ ಮೂರು ವರ್ಷ ಹಿಡೀತು ತಾಯಿ. ಒಂದು ಗಳಿಗೆ ನಿಂತ್ಕೊಳ್ಳೋಕೆ ಬಿಡಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ? ಇವತ್ತೇ ನೋಡಿ. ಮತಗಟ್ಟೆ ದೂರವಾದರೆ, ಮೆಟ್ಟಿಲು ಹತ್ತಲಾಗದಿದ್ದರೆ ಮೊದಲೇ ಬಾಯಿಬಿಟ್ಟು ಹೇಳಿ. ಹೊರಡುವಾಗ ಪಕ್ಕದ ಮನೆಯ ಬಾಗಿಲನ್ನೂ ಒಮ್ಮೆ ತಟ್ಟಿ. ಒಳಗೆ ಯಾರೋ ಚಪ್ಪಲಿ ಮೆಟ್ಟಿಕೊಂಡು, ಕರೆಯುವವರಿಗಾಗಿ ಕಾಯುತ್ತಿರಬಹುದು.