ಬಚ್ಚಲು ಹಂಡೆಯ ಸಿಟ್ಟು

ನಾನು ಒಂದು ತಾಮ್ರದ ಹಂಡೆ. ಮುದ್ದಾಗಿ ಮಾತಾಡುವ ಹಂಡೆ ಬೇಕಾದರೆ ಬೇರೆ ಮನೆ ನೋಡಿಕೊಳ್ಳಿ. ನಾನು ಹುಟ್ಟಿದ್ದೇ ಏಟು ತಿಂದು. ಮಳವಳ್ಳಿಯ ಪೇಟೆಬೀದಿಯಲ್ಲಿ ಒಬ್ಬ ಮುದುಕ ಮೂರು ದಿನ ಸುತ್ತಿಗೆಯಲ್ಲಿ ಬಡಿದೂ ಬಡಿದೂ ನನಗೆ ಹೊಟ್ಟೆ ಬರಿಸಿದ. ಆಮೇಲೆ ಕೆಂಪಾಜಮ್ಮನ ಮದುವೆಯ ಬಳುವಳಿಯಾಗಿ ಗಾಡಿ ಹತ್ತಿ ಈ ಮನೆಗೆ ಬಂದೆ. ಹಿತ್ತಲ ಬಚ್ಚಲುಮನೆಯ ಒಲೆಯ ಮೇಲೆ ನನ್ನನ್ನು ಕೂರಿಸಿ ಸುತ್ತ ಗಾರೆ ಮೆತ್ತಿದರು.

ನಲವತ್ತು ವರ್ಷ ಇವರ ಮೈ ತೊಳೆದೆ. ಬಾಣಂತಿಗೆ ನೀರು, ಹಬ್ಬದ ಎಣ್ಣೆಸ್ನಾನಕ್ಕೆ ನೀರು, ಹೆಣ ಮಣ್ಣು ಮಾಡಿ ಬಂದವರಿಗೆ ನೀರು, ಎಲ್ಲಕ್ಕೂ ನಾನೇ. ಒಂದು ದಿನ ಕೆಂಪಾಜಮ್ಮನ ಮಗ ಶಿವಮಾದು ಮನೆಯೊಳಗೆ ಹೊಸ ಬಾತ್‌ರೂಮ್ ಕಟ್ಟಿಸಿ, ಗೋಡೆಗೆ ಬಿಳೀ ಗೀಸರ್ ನೇತುಹಾಕಿದ. ಮುಗಿಯಿತು! ನನ್ನೊಳಗೆ ಹಳೇ ಚಪ್ಪಲಿ, ಒಡೆದ ಬಕೆಟ್ಟು ತುಂಬಿದರು. ನೀವೇ ಹೇಳಿ, ಸಿಟ್ಟು ಬರಬೇಕೋ ಬೇಡವೋ?

ಆ ಚಪ್ಪಲಿಗಳನ್ನು ಎತ್ತಿ ಎಸೆದವಳು ಸೊಸೆ ಜಯಶೀಲ. ಎರಡು ದಿನ ಅಣಬೆ ಬೆಳೆಯುವ ತರಬೇತಿಗೆ ಹೋಗಿ ಬಂದಿದ್ದಳು. ಗಂಡನಿಗೆ ನನ್ನ ಎದುರೇ ಹೇಳಿದಳು, "ಈ ಬಚ್ಚಲುಮನೆ ನಂಗೆ ಬುಟ್ಬುಡಿ. ಹಾಲಣಬೆ ಬೆಳೀತೀನಿ."

"ಒಂದು ಬೆಳೆ ನೋಡ್ತೀನಿ," ಅಂದ ಶಿವಮಾದು. "ಬರ್ನಿಲ್ಲ ಅಂದ್ರೆ ಇದ ಕೆಡವಿ ಬೈಕ್ ನಿಲ್ಸಕ್ಕೆ ಶೆಡ್ ಹಾಕ್ತೀನಿ."

ಮದುವೆಯಾಗಿ ಒಂಬತ್ತು ವರ್ಷ. ಈ ಮನೆಯಲ್ಲಿ ಅವಳದ್ದು ಅಂತ ಹೇಳಿಕೊಳ್ಳಲು ಒಂದು ಮೂಲೆಯೂ ಇರಲಿಲ್ಲ. ಅದಕ್ಕೇ ಈ ಮಸಿ ಹಿಡಿದ ನಾಲ್ಕು ಗೋಡೆಗಾಗಿ ಅಷ್ಟು ಆಸೆಪಟ್ಟಳು.

ಹೆಂಗಸಿಗೆ ತಲೆಯಿತ್ತು ಕಣ್ರೀ. ಶಿವಮಾದು ಮೆದೆಯ ಅಡಿಯಿಂದ ಕಪ್ಪಾದ ಹಳೇ ಹುಲ್ಲು ಎಳೆದು ತಂದ. ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ವಾಪಸ್ ಕಳಿಸಿದಳು. ಆಲೆಮನೆಯ ಕಬ್ಬಿನ ಸಿಪ್ಪೆ ತರಲೇ ಅಂದ. ಸಿಹಿಗೆ ಇರುವೆ ಮುತ್ತುತ್ತದೆ, ಬೇಡ ಅಂದಳು. ಈ ಸುಗ್ಗಿಯ ಹೊಂಬಣ್ಣದ ಭತ್ತದ ಹುಲ್ಲನ್ನೇ ತಂದು, ಎರಡು ಬೆರಳುದ್ದ ಕತ್ತರಿಸಿ, ನೆನೆಸಿ, ನನ್ನೊಳಗೆ ಬೇಯಿಸಿದಳು. ಎಷ್ಟು ವರ್ಷದ ಮೇಲೆ ನನ್ನ ಅಡಿಗೆ ಬೆಂಕಿ ಬಿತ್ತು! ಹಿಂಡಿದರೆ ಹನಿ ಬೀಳದಷ್ಟು ಆರಿಸಿ, ಅಣಬೆ ಬೀಜದ ಜೊತೆ ಚೀಲಕ್ಕೆ ತುಂಬಿದಳು. ಇಪ್ಪತ್ತು ದಿನಕ್ಕೆ ಹುಲ್ಲೆಲ್ಲ ಬೆಳ್ಳಗೆ ಕಟ್ಟಿಕೊಂಡಿತು.

ಹಾಲಣಬೆಗೆ ಅಷ್ಟು ಸಾಲದು. ಚೀಲದ ಬಾಯಿ ಬಿಚ್ಚಿ ಮೇಲೊಂದು ಪದರ ಮಣ್ಣು ಹೊದಿಸಬೇಕು. ಆ ಮಣ್ಣನ್ನೂ ಬೇಯಿಸಿರಬೇಕು. ಇಲ್ಲೇ ಕೆಂಪಾಜಮ್ಮ ಬಾಯಿ ಹಾಕಿದ್ದು.

"ಹುತ್ತದ ಮ್ಯಾಲೆ ಅಣಬೆ ತಾನಾಗೇ ಏಳಾಕಿಲ್ವಾ? ಆ ಮಣ್ಣೇ ಹಾಕವ್ವ."

"ಬೇಯಿಸಿ ಹಾಕ್ತೀನಿ ಅತ್ತೆ."

"ಬುಡ್ತು ಅನ್ನು! ನಾಗಪ್ಪನ ಮಣ್ಣ ಯಾರಾರಾ ಬೇಯಿಸ್ತಾರಾ? ವಂಶ ಉಳೀತದಾ?"

ವಂಶ ಅಂದ ಕೂಡಲೇ ಜಯಶೀಲ ಹೆದರಿ ಬೇಯಿಸುವ ಮಾತು ಬಿಟ್ಟಳು. ನಾಗರಪಂಚಮಿಗೆ ಹಾಲೆರೆಯುವ ಹುತ್ತದ ಬದಿಯಿಂದ ಅತ್ತೆಯೇ ಮಂಕರಿ ತುಂಬ ಮಣ್ಣು ತಂದಳು. ಹಸಿಮಣ್ಣನ್ನು ಹಾಗೇ ಹರಡಿದರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ತೆರೆದುಕೊಂಡು, ಖಾಲಿ! ಹುತ್ತ ಕಟ್ಟುವುದು ಗೆದ್ದಲು, ಗೆದ್ದಲಿಗೆ ಹುಲ್ಲೆಂದರೆ ಮೃಷ್ಟಾನ್ನ, ಇಷ್ಟು ತಿಳಿಯಬೇಡವೇ? ನನಗೆ ನಾಲಿಗೆ ಇದ್ದಿದ್ದರೆ ಊರು ಕೇಳುವಂತೆ ಬೈಯುತ್ತಿದ್ದೆ.

ಮಣ್ಣು ನೀರು ಕುಡಿದು, ಒಣಗಿ, ಹಂಚಿನಂತೆ ಗಟ್ಟಿಯಾಯಿತು. ಅದರ ಕೆಳಗೆ ಗೆದ್ದಲು ಹುಲ್ಲನ್ನು ಪುಡಿ ಮಾಡಿತು. ಹನ್ನೆರಡನೇ ದಿನ ಜಯಶೀಲ ಚೀಲ ಎತ್ತಿದರೆ ತಳ ಕಳಚಿ ಬಿತ್ತು. ಒಂದು ಅಣಬೆಯೂ ಇಲ್ಲ.

"ನಾಗಪ್ಪ ಮುನಿಸ್ಕೊಂಡ ಕಣವ್ವ," ಅಂದಳು ಕೆಂಪಾಜಮ್ಮ.

ಜಯಶೀಲ ಒಂಬತ್ತು ವರ್ಷದಲ್ಲಿ ಮೊದಲ ಸಲ ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟಳು. "ನಾಗಪ್ಪ ಅಲ್ಲ ಅತ್ತೆ, ಮುನಿಸ್ಕೊಂಡಿರೋಳು ನಾನು."

ಮಾತಿಗೆ ತಪ್ಪದ ಶಿವಮಾದು ಮರುದಿನವೇ ಗಾರೆಯ ನಿಂಗಯ್ಯನನ್ನು ಹಾರೆ ಸಮೇತ ಕರೆತಂದ. ಅಷ್ಟರಲ್ಲಿ ನನ್ನ ಅಡಿ ಧಗಧಗ ಉರಿಯುತ್ತಿತ್ತು. ಜಯಶೀಲ ಹುತ್ತದ ಮಣ್ಣಿನ ಬದಲಿಗೆ ಅಂತ ತೆಂಗಿನ ನಾರಿನ ಪುಡಿಗೆ ತೊಳೆದ ಮರಳು, ಚಿಟಿಕೆ ಸುಣ್ಣ ಬೆರೆಸಿ, ಗೋಣಿಯಲ್ಲಿ ಕಟ್ಟಿ ನನ್ನ ಹಬೆಗೆ ಇಟ್ಟಿದ್ದಳು.

ನಿಂಗಯ್ಯ ಹಾರೆ ಕೆಳಗಿಟ್ಟ. "ಉರಿಯೋ ಒಲೆ ಒಡೆಯಾಕಿಲ್ಲ ಕಣಪ್ಪ. ಮನೆಗೆ ಒಳ್ಳೇದಾಗಾಕಿಲ್ಲ."

"ನೀರು ಹುಯ್ದು ಆರ್ಸು," ಅಂದ ಶಿವಮಾದು ಹೆಂಡತಿಗೆ.

"ಉರಿಯೋ ಒಲೆಗೆ ಯಾರಾರಾ ನೀರು ಹುಯ್ತಾರೇನ್ಲಾ?" ಕೆಂಪಾಜಮ್ಮ ಹೊಸಿಲ ಮೇಲೆ ಕೂತೇಬಿಟ್ಟಳು. "ಅದಾಗೇ ಆರ್ಲಿ. ಅಲ್ಲೀಗಂಟ ಯಾರೂ ಮುಟ್ಟಕೂಡದು."

ಆರಲಿ ಅಂತ ಸಂಜೆತನಕ ಕಾದರು. ಜಯಶೀಲ ಒಲೆಗೆ ಇನ್ನೊಂದು ತೆಂಗಿನ ಮಟ್ಟೆ ತುರುಕಿದಳು. ಮರುದಿನ ಅವಳು ಹೊಸದಾಗಿ ಬೇಯಿಸಿದ ಹುಲ್ಲನ್ನು ಚೀಲಕ್ಕೆ ತುಂಬುತ್ತಿದ್ದಾಗ ಉರಿ ಕುಗ್ಗಿತು. ಕೆಂಪಾಜಮ್ಮ ಬಂದಳು, ಅತ್ತಿತ್ತ ನೋಡಿದಳು, ತಾನೇ ಒಂದು ಕೊರಡು ಒಳಕ್ಕೆ ನೂಕಿ ಹೋದಳು.

ಇದಾಗಿ ಮೂರು ವರ್ಷ. ನನ್ನ ಅಡಿಗೆ ಎರಡು ಸಲ ಬೆಸುಗೆ ಬಿದ್ದಿದೆ, ಮೈಯೆಲ್ಲ ಮಸಿ. ಗೋಡೆಗುಂಟ ಚೀಲಗಳ ಬಾಯಲ್ಲಿ ಹಾಲಣಬೆ ಏಳುತ್ತವೆ. ಆ ಹುತ್ತದ ಮಣ್ಣು ನೆನಪಾದರೆ ಈಗಲೂ ನನ್ನ ಹೊಟ್ಟೆ ಕುದಿಯುತ್ತದೆ. ಒಲೆ ಮಾತ್ರ ಒಂದು ದಿನವೂ ಆರಿಲ್ಲ. ಶಿವಮಾದುವಿನ ಬೈಕು ಇನ್ನೂ ಬೀದಿಯಲ್ಲೇ ನಿಲ್ಲುತ್ತದೆ. ಮಳೆಗೆ ನೆನೆಯಲಿ.